ಮಾಣಿಕರಾವ್ ಸಿನಿಮಾ ಮಾಡಿದ ಬೇಸಿಗೆ

ಹುಮನಾಬಾದ್ ಹತ್ತಿರ ಬಂತೆಂದು ತಿಳಿಯಲು ಬಸ್ಸಿನ ಕಿಟಕಿಯಿಂದ ಹೊರಗೆ ನೋಡಬೇಕಾಗಿಲ್ಲ. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಸಾಕು, ಕೊಳೆತ ಉಳ್ಳಾಗಡ್ಡಿಯ ಮೇಲೆ ಸ್ಪಿರಿಟ್ ಸುರಿದಂಥ ವಾಸನೆ ಮೂಗಿಗೆ ಅಡರುತ್ತದೆ. ಹೋದ ತಿಂಗಳು ಬಸವಕಲ್ಯಾಣದಿಂದ ಅಲ್ಲಿಗೆ ಹೋಗುವಾಗ ಬಸ್ಸಿನ ಮಂದಿಯೆಲ್ಲ ಸೆರಗು, ದಸ್ತಿ ಮೂಗಿಗೆ ಹಿಡಿದರು. ನಾನು ಹಿಡಿಯಲಿಲ್ಲ. ಒಂದು ಇಡೀ ಬೇಸಿಗೆ ಆ ವಾಸನೆಯಲ್ಲೇ ಕುಳಿತು ನಾನು ಒಂದು ಸಿನಿಮಾಕ್ಕೆ ಮಾತು ಬರೆದಿದ್ದೆ. ಹೆದ್ದಾರಿಯ ಬದಿಯ ಲಾಜಿನ ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸಂಜೆಯ ಕಾವು ಇಳಿಯುವವರೆಗೆ, ಮರುದಿನದ ಶೂಟಿಂಗಿನ ಮಾತು ಓದಿ ಹೇಳುತ್ತಿದ್ದೆ. ಎದುರಿಗೆ ಬರೀ ಬನಿಯನ್ ತೊಟ್ಟು ಕುಳಿತು ಕಣ್ಣು ಮುಚ್ಚಿ ಕೇಳುತ್ತಿದ್ದವರು ಮಾಣಿಕರಾವ್. ಆ ದಿನ ನಾನು ಹೊರಟಿದ್ದು ಅವರ ನುಡಿನಮನಕ್ಕೆ.

ಅಲ್ಲಿ ಏನು ಹೇಳಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಹೊರಟಿದ್ದೆ. ಒಳ್ಳೆಯ ಮಾತು ಹೇಳುವವರು ಬೇಕಾದಷ್ಟು ಜನ ಇರುತ್ತಾರೆ. ಅವರು ನಮ್ಮ ಭಾಷೆಯನ್ನು ಉಳಿಸಿದರು, ಬೆಳೆಸಿದರು ಎಂದು ಸಾಲಾಗಿ ಹೇಳುತ್ತಾರೆ. ಅವರೆಲ್ಲರ ನಂತರ ಎದ್ದು ನಿಂತು, ನಮ್ಮ ಅಕ್ಕ ಜಗದೇವಿಗೆ ಆ ಮನುಷ್ಯ ಏನು ಮಾಡಿದ ಎಂಬುದನ್ನು ಹುಮನಾಬಾದಿನ ಮಂದಿಯ ಮುಂದೆ ಇದ್ದದ್ದು ಇದ್ದಂಗೆ ಹೇಳಿಬಿಡುವುದು. ಅಷ್ಟೇ ನನ್ನ ವಿಚಾರವಾಗಿತ್ತು.

ಮಾಣಿಕರಾವ್ ಹುಡಗೀಕರ್ ಹುಮನಾಬಾದಿನವರೇ. ಅಪ್ಪ ಅಡತಿ ಅಂಗಡಿಯಲ್ಲಿ ತೊಗರಿ, ಜೋಳ ತೂಗುತ್ತಿದ್ದವರು. ಮಗನಿಗೆ ಓದು ಹತ್ತಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಹೈದರಾಬಾದಿಗೆ ಓಡಿಹೋಗಿ, ಒಬ್ಬ ಸಿನಿಮಾ ವಿತರಕನ ಕಚೇರಿಯಲ್ಲಿ ರೀಲಿನ ಡಬ್ಬಿ ಹೊರುವ ಕೆಲಸ ಹಿಡಿದರು. ಬಸ್ಸಿನ ಟಪ್ಪಿನ ಮೇಲೆ ಡಬ್ಬಿ ಇಟ್ಟುಕೊಂಡು ಭಾಲ್ಕಿ, ಬೀದರ್, ಜಹೀರಾಬಾದ್ ಅಂತ ತಿರುಗಿದರು. ಅಲ್ಲಿಂದ ಬೆಂಗಳೂರು. ಟಿವಿ ಇನ್ನೂ ಹೊಸದಾಗಿದ್ದ ಕಾಲ, ವಾರಕ್ಕೊಮ್ಮೆ ಬರುವ ಧಾರಾವಾಹಿಗಳ ಕಾಲ. ಕ್ಯಾಮೆರಾದವರಿಗೆ ಚಹಾ ತಂದುಕೊಡುವುದರಿಂದ ಶುರುಮಾಡಿ, ಲೆಕ್ಕ ನೋಡುವ ಮ್ಯಾನೇಜರ್ ಆಗಿ, ಕೊನೆಗೆ ತಾವೇ ನಿರ್ಮಾಪಕರಾದರು. ದಿನಾ ಬರುವ ಧಾರಾವಾಹಿಗಳು ಬಂದ ಮೇಲೆ ಅವರು ಹಿಂದೆ ತಿರುಗಿ ನೋಡಲಿಲ್ಲ. ಅತ್ತೆ, ಸೊಸೆ, ಅಡುಗೆಮನೆ, ಹಾಲಿನಲ್ಲಿ ವಿಷ, ಕಳೆದುಹೋದ ಮಗು. ವರ್ಷಗಟ್ಟಲೆ ನಡೆಯುವ ಕಥೆಗಳು. ನಡುನಡುವೆ ಸಿನಿಮಾ ಮಾಡಿದರು. ಒಂದು ಓಡಿತು, ಉಳಿದವು ಬಿದ್ದವು. ನಮ್ಮ ಭಾಗದ ಮನೆಮನೆಯ ಹೆಂಗಸರು ಸಂಜೆ ರೊಟ್ಟಿ ಬಡಿಯುವುದನ್ನು ಬಿಟ್ಟು ಅವರ ಧಾರಾವಾಹಿ ನೋಡುತ್ತಿದ್ದರು. ಆದರೆ ಕಥೆ ಮುಗಿದ ಮೇಲೆ ಓಡುವ ಹೆಸರುಗಳಲ್ಲಿ ಕಾಣುವ ಮಾಣಿಕರಾವ್ ತಮ್ಮ ಪಕ್ಕದೂರಿನವನೆಂದು ಯಾರಿಗೂ ಗೊತ್ತಿರಲಿಲ್ಲ. ಅವರೂ ಹೇಳಿಕೊಂಡವರಲ್ಲ.

ವಯಸ್ಸು ಅರವತ್ತು ದಾಟಿದ ಮೇಲೆ ಒಂದು ದಿನ ಅವರು ಬಸವಕಲ್ಯಾಣದ ನಮ್ಮ ಶಾಲೆಗೆ ಬಂದರು. ಬಿಳಿ ಪೈಜಾಮಾ, ಬಿಳಿ ಅಂಗಿ, ತಲೆಗೆ ಕಪ್ಪು ಬಣ್ಣ. ಜಿಲ್ಲೆಯ ಪತ್ರಿಕೆಯೊಂದರಲ್ಲಿ ಆಗ ನಾನು ನಮ್ಮ ಕಡೆಯ ಮಾತಿನಲ್ಲಿ ಸಣ್ಣ ಸಣ್ಣ ಹರಟೆ ಬರೆಯುತ್ತಿದ್ದೆ. ಆ ಪುಟಗಳನ್ನು ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಂಡಿದ್ದರು.

"ಸುನಂದಾ ಟೀಚರ್ ನೀವೇನ್ರಿ? ನೀವು ಬರದದ್ದು ಓದೀನ್ರಿ. ನಮ್ಮವ್ವ ಕಟ್ಟಿ ಮ್ಯಾಲ ಕುಂತು ಮಾತಾಡ್ದಂಗ ಆಯ್ತು. ಒಂದ್ ಸಿನಿಮಾ ಮಾಡಾಕತ್ತೀನಿ. ಅದರಾಗಿನ ಮಾತೆಲ್ಲಾ ಹಿಂಗೇ ಬೇಕು."

"ಬೆಂಗಳೂರಿನವರಿಗಿ ತಿಳೀತಾವೇನ್ರಿ ಈ ಮಾತು?"

"ತಿಳೀಲಿಲ್ಲಂದ್ರ ಕಲೀಲಿ. ನಾ ಅವರ್ದು ಕಲ್ತಿಲ್ಲೇನು?"

ಆ ಒಂದು ಮಾತಿಗೆ ನಾನು ಒಪ್ಪಿಕೊಂಡೆ. ಶಾಲೆಗೆ ಬೇಸಿಗೆ ರಜೆ ಹತ್ತಿರವೇ ಇತ್ತು.

ಸಿನಿಮಾದ ಹೆಸರು 'ಗ್ವಾಡಿ', ಎಂದರೆ ಗೋಡೆ. ಒಬ್ಬ ತಾಯಿ, ಇಬ್ಬರು ಮಕ್ಕಳು. ಮನೆ ಪಾಲಾಗಿ ಅಂಗಳದ ನಡುವೆ ಗೋಡೆ ಏಳುತ್ತದೆ. ತಾಯಿ ಈ ಕಡೆ ಉಳಿಯುತ್ತಾಳೆ, ಬಾವಿ ಆ ಕಡೆ ಹೋಗುತ್ತದೆ. ಕಥೆ ಇಷ್ಟೇ. ಇದು ನನ್ನ ಮನೆಯದೇ ಕಥೆ ಎಂದು ಮಾಣಿಕರಾವ್ ಒಮ್ಮೆ ಹೇಳಿದರು, ಹೆಚ್ಚು ಬಿಡಿಸಲಿಲ್ಲ. ಶೂಟಿಂಗಿಗೆ ಕೊಹಿನೂರು ಎಂಬ ಹಳ್ಳಿಯಲ್ಲಿ ಒಂದು ದೊಡ್ಡ ಹಳೆಯ ಮನೆ ನೋಡಲು ಹೋದೆವು. ಆ ದಿನ ಆ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ರಮ ನಡೆದಿತ್ತು. ಒಳಗೆ ಒಬ್ಬ ಹೆಂಗಸು ತೊಟ್ಟಿಲ ಪದ ಹಾಡುತ್ತಿದ್ದಳು. ಮಾಣಿಕರಾವ್ ಒಳಗೆ ಹೋಗಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಚಪ್ಪಲಿ ಬಿಟ್ಟು ನಿಂತುಬಿಟ್ಟರು. ಹಾಡು ಮುಗಿಯಿತು. ಆಮೇಲೆ ಅದೇ ದನಿ ಯಾರನ್ನೋ ಗದರಿಸಿತು, ಇನ್ಯಾರನ್ನೋ ನಗಿಸಿತು, ಅಡುಗೆಯವರಿಗೆ ಸಜ್ಜಕಕ್ಕೆ ಬೆಲ್ಲ ಕಮ್ಮಿಯಾಗಿದೆ ಎಂದು ಹೇಳಿತು.

"ಯಾರ್ರಿ ಇದು?" ಎಂದರು.

"ನಮ್ಮಕ್ಕರಿ," ಎಂದೆ. "ಮಂಠಾಳಕ್ಕ ಕೊಟ್ಟೀವಿ. ಸುತ್ತ ಹಳ್ಳಿಗಿ ತೊಟ್ಲದಾಗ ಕೂಸು ಹಾಕಬೇಕಾದ್ರ ಈಕಿನ್ನೇ ಕರೀತಾರ."

ಅಕ್ಕ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಅವಳ ಗಂಡ ರೇವಣಪ್ಪನಿಗೆ ಮಂಠಾಳದಲ್ಲಿ ಕಿರಾಣಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮಾಣಿಕರಾವ್ ಮರುದಿನವೇ ಅಲ್ಲಿಗೆ ಹೋಗಿ, ಗೋಣಿಚೀಲದ ಮೇಲೆ ಕುಳಿತು, ಜಗದೇವಿಬಾಯಿ ತಾಯಿಯ ಪಾತ್ರ ಮಾಡಬೇಕು ಎಂದರು. ರೇವಣಪ್ಪ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕುಳಿತ.

"ಮಂದಿ ಏನಂತಾರ್ರಿ?"

"ಮದಲ ನೋಡ್ಲಿ. ಆಮ್ಯಾಲ ಅನ್ಲಿ," ಎಂದರು ಮಾಣಿಕರಾವ್.

ಅಕ್ಕ ಒಳಗಿನಿಂದಲೇ ಕೇಳಿದಳು, "ನನ್ನ ಮಾತು ಒರಟ ಅವರಿ. ಸಿನಿಮಾದಾಗ ನಡೀತಾವೇನ್ರಿ?"

"ಅದಕ್ಕೇ ಬಂದೀನಿ ಬಾಯಿ. ನಮ್ಮವ್ವನೂ ಹಿಂಗೇ ಮಾತಾಡ್ತಿದ್ದಳು. ಆಕಿ ಆವಾಜ್ ನನ್ನ ಕಿವ್ಯಾಗ ಉಳದಿಲ್ಲ. ನಿಂದು ಕೇಳಿ ನೆನಪಾಯ್ತು."

ಅದನ್ನು ಅವರು ಸುಳ್ಳು ಹೇಳಲಿಲ್ಲ. ಈಗಲೂ ನಾನು ಹಾಗೇ ತಿಳಿದಿದ್ದೇನೆ. ಸುಳ್ಳು ಹೇಳಿದ್ದರೆ ಇಷ್ಟು ವರ್ಷ ನನಗೆ ಉರಿಯುತ್ತಿರಲಿಲ್ಲ.

ಆ ಬೇಸಿಗೆ ಬಿಸಿಲು ಬಿಸಿಲಾಗಿರಲಿಲ್ಲ, ಬಡಿಗೆಯಾಗಿತ್ತು. ಕೊಹಿನೂರಿನ ಆ ಮನೆಯ ಅಂಗಳದಲ್ಲಿ ಮುಂಜಾನೆಯೇ ಕಲ್ಲು ಕಾದು, ಬೆಂಗಳೂರಿನಿಂದ ಬಂದ ಹುಡುಗರು ಕಾಲು ಎತ್ತಿ ಎತ್ತಿ ಇಡುತ್ತಿದ್ದರು. ನೀರಿನ ಟ್ಯಾಂಕರ್ ಬಂದರೆ ಮೊದಲು ಎಲ್ಲರೂ ತಲೆ ಒಡ್ಡುವುದು. ಅಕ್ಕ ಮಾತ್ರ ದಿನಾ ಮಂಠಾಳದಿಂದ ರೊಟ್ಟಿಯ ಬುತ್ತಿ, ಪುಂಡಿಪಲ್ಯೆ ಕಟ್ಟಿಕೊಂಡು, ತನ್ನದೇ ಸೀರೆ ಉಟ್ಟುಕೊಂಡು ಬರುತ್ತಿದ್ದಳು. ಮುಖಕ್ಕೆ ಏನೂ ಹಚ್ಚಗೊಡಲಿಲ್ಲ. ನಿರ್ದೇಶಕ ಇನ್ನೂ ಚಿಕ್ಕ ವಯಸ್ಸಿನವನು, ಬೆಂಗಳೂರಿನವನು, ಸಭ್ಯ. "ಅಮ್ಮಾ, ಇಲ್ಲಿ ಸ್ವಲ್ಪ ಎಮೋಷನ್ ಹಾಕಿ," ಎಂದರೆ ಅಕ್ಕ ನನ್ನ ಕಡೆ ತಿರುಗಿ, "ಏನ್ ಹಾಕಬೇಕಂತ?" ಎನ್ನುತ್ತಿದ್ದಳು. ಮಾಣಿಕರಾವ್ ಕುರ್ಚಿಯಿಂದಲೇ, "ಏನೂ ಹಾಕಬ್ಯಾಡ ಬಾಯಿ. ನಿಮ್ಮ ಮನ್ಯಾಗ ಹ್ಯಾಂಗ ನಿಲ್ತಿ ಹಂಗ ನಿಲ್ಲು," ಎನ್ನುತ್ತಿದ್ದರು. ಅಕ್ಕ ಹಾಗೇ ನಿಲ್ಲುತ್ತಿದ್ದಳು. ಕ್ಯಾಮೆರಾ ಹಿಡಿದವನು ಅವಳನ್ನು ನೋಡಿ ಒಮ್ಮೊಮ್ಮೆ ತನ್ನ ಕೆಲಸ ಮರೆಯುತ್ತಿದ್ದ.

ಗೋಡೆ ಏಳುವ ದೃಶ್ಯಕ್ಕೆ ನಾನು ತಾಯಿಯ ಬಾಯಲ್ಲಿ ದೊಡ್ಡ ಮಾತು ಬರೆದಿದ್ದೆ. ಒಂದು ಪುಟದಷ್ಟು. ಹಿಂದಿನ ಸಂಜೆ ಲಾಜಿನ ಮಾಳಿಗೆಯ ಮೇಲೆ ಓದಿದಾಗ ಮಾಣಿಕರಾವ್ ಮೆಚ್ಚಿಕೊಂಡಿದ್ದರು. ಮರುದಿನ ಊರಿನ ಗೌಂಡಿಯನ್ನೇ ಕರೆಸಿ ನಿಜವಾಗಿ ಇಟ್ಟಂಗಿ ಇಡಿಸುತ್ತಿದ್ದರು. ಮಕ್ಕಳ ಪಾತ್ರದವರು ಇಬ್ಬರೂ ನಿಂತಿದ್ದರು. ಅಕ್ಕ ಅಂಗಳಕ್ಕೆ ಬಂದು ಗೋಡೆಯನ್ನು ನೋಡಿದಳು, ಮಕ್ಕಳನ್ನು ನೋಡಿದಳು. ನಾನು ಬರೆದುಕೊಟ್ಟ ಒಂದಕ್ಷರವೂ ಅವಳ ಬಾಯಿಗೆ ಬರಲಿಲ್ಲ. ಪಕ್ಕದ ಮನೆಯವರಿಗೆ ಹೇಳುವಂತೆ, ಸಣ್ಣ ದನಿಯಲ್ಲಿ ಹೇಳಿದಳು:

"ಇಬ್ಬರೂ ಇದೇ ಹೊಟ್ಯಾಗ ಇದ್ರಿ. ಆಗ ಜಾಗಾ ಸಾಕಾಗಿತ್ತು."

ಇಷ್ಟು ಹೇಳಿ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು. ಗೌಂಡಿಯ ಕರಣಿ ನಿಂತಿತು. ಅವನಿಗೆ ಯಾರೂ ನಿಲ್ಲಿಸು ಎಂದಿರಲಿಲ್ಲ. ಮಾಣಿಕರಾವ್ ಎದ್ದು ಟ್ಯಾಂಕರಿನ ಹಿಂದೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡರು. ತಿರುಗಿ ಬಂದು ನನಗೆ ಹೇಳಿದರು, "ಟೀಚರ್, ನಿಮ್ಮ ಹಾಳಿ ಹರದ್ ಒಗೀರಿ. ನಮ್ಮ ಸಿನಿಮಾ ಇದೇ." ನಾನು ಸಂತೋಷದಿಂದಲೇ ಹರಿದೆ.

ಬೆಂಗಳೂರಿನ ಮನೆಯಿಂದ ಫೋನು ಬಂದಾಗ ಮಾತ್ರ ಅವರು ಬೇರೆ ಮನುಷ್ಯರಾಗುತ್ತಿದ್ದರು. "ಹೂಂ ಕಣಮ್ಮಾ, ಊಟ ಆಯ್ತು, ಮಾತ್ರೆ ತಗೊಂಡೆ, ಇನ್ನೊಂದು ವಾರ ಅಷ್ಟೇ" ಎಂದು ಮೆತ್ತಗೆ, ನುಣುಪಾಗಿ. ಫೋನಿಟ್ಟ ಕೂಡಲೇ, "ಏ, ಆ ಲೈಟ್ ಜರಾ ಆಕಡಿ ಸರಸೋ ಮಾರಾಯಾ" ಎಂದು ಕೂಗುತ್ತಿದ್ದರು. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಮುಂಗಾರಿನ ಮಿರಗದ ಮೊದಲ ಮಳೆ ಬೀಳುವ ಹೊತ್ತಿಗೆ ಶೂಟಿಂಗ್ ಮುಗಿಯಿತು. ಕೊನೆಯ ದಿನ ಎಲ್ಲರೂ ಮಂಠಾಳದ ಅಕ್ಕನ ಮನೆಯಲ್ಲಿ ಹೋಳಿಗೆ ಉಂಡರು. ಹೊರಡುವಾಗ ಮಾಣಿಕರಾವ್ ಅಕ್ಕನಿಗೆ ಕೈಮುಗಿದು, "ಈ ಸಿನಿಮಾ ಬಂದ ಮ್ಯಾಲ ನಮ್ಮ ಮಾತಿಗಿ ಯಾರೂ ನಗಂಗಿಲ್ಲ ಬಾಯಿ. ನನ್ನ ಜುಬಾನ್," ಎಂದರು. ಜುಬಾನ್ ಎಂದರೆ ನಮ್ಮ ಕಡೆ ಕೊಟ್ಟ ಮಾತೂ ಹೌದು, ನಾಲಿಗೆಯೂ ಹೌದು.

ಆಮೇಲೆ ಒಂದು ವರ್ಷದ ಮೇಲಾಯಿತು, ಸುದ್ದಿಯಿಲ್ಲ. ಫೋನು ಮಾಡಿದರೆ, ಥಿಯೇಟರ್ ಸಿಗುತ್ತಿಲ್ಲ, ಮಾತುಕತೆ ನಡೆದಿದೆ, ಎನ್ನುತ್ತಿದ್ದರು. ಕೊನೆಗೆ ಒಂದು ಚಾನೆಲ್ಲಿನವರು ತೆಗೆದುಕೊಂಡರಂತೆ, ಭಾನುವಾರ ಮಧ್ಯಾಹ್ನ ತೋರಿಸುತ್ತಾರಂತೆ ಎಂದು ತಿಳಿಯಿತು. ಮಾಣಿಕರಾವ್ ತಾವೇ ಹೇಳಲಿಲ್ಲ. ಟಿವಿಯಲ್ಲಿ ಜಾಹೀರಾತು ಬಂದಾಗ ರೇವಣಪ್ಪನ ಗಿರಾಕಿಯೊಬ್ಬ ಅಕ್ಕನ ಮುಖ ಗುರುತಿಸಿ ಅಂಗಡಿಗೆ ಓಡಿ ಬಂದಿದ್ದ. ಹೆಸರು ಬದಲಾಗಿತ್ತು. 'ಮಮತೆಯ ಗೋಡೆ'. ಹೆಸರು ತಾನೇ ಎಂದು ಸುಮ್ಮನಾದೆ.

ಆ ಭಾನುವಾರ ರೇವಣಪ್ಪ ಟಿವಿಯನ್ನು ಹೊರಗೆ ತಂದು ಅಂಗಡಿಯ ಕಟ್ಟೆಯ ಮೇಲೆ ಇಟ್ಟಿದ್ದ. ಬಿಸಿಲು ಬೀಳದಂತೆ ಮೇಲೆ ತಾಡಪತ್ರಿ ಕಟ್ಟಿಸಿದ್ದ. ಊರ ಹೆಂಗಸರು, ಗಂಡಸರು, ಮುದುಕರು, ಎಲ್ಲರೂ ಚಾಪೆ ಹಾಸಿಕೊಂಡು ಕುಳಿತಿದ್ದರು. ಮಂದಿ ಏನಂತಾರ ಎಂದಿದ್ದ ರೇವಣಪ್ಪನೇ ಎಲ್ಲರಿಗೂ ಪುಟಾಣಿ, ಚುರಮುರಿ ಹಂಚಿದ. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಹೆಂಗಸರ ನಡುವೆ ಕುಳಿತಿದ್ದಳು. ನಾನು ಅವಳ ಮಗ್ಗುಲಿಗೇ ಇದ್ದೆ.

ಸಿನಿಮಾ ಶುರುವಾಯಿತು. ಕೊಹಿನೂರಿನ ಮನೆ ಕಂಡಿತು, ಬೇವಿನ ಗಿಡ ಕಂಡಿತು. ಬಾಗಿಲಲ್ಲಿ ಅಕ್ಕ ಬಂದು ನಿಂತಳು. ಮಂದಿ ಸೀಟಿ ಹೊಡೆದರು. ಅಕ್ಕ ಬಾಯಿ ತೆರೆದಳು. ಬಂದ ದನಿ ಅವಳದಲ್ಲ.

ಯಾರೋ ಬೆಂಗಳೂರಿನ ಹೆಂಗಸು. ಧಾರಾವಾಹಿಗಳಲ್ಲಿ ಕೇಳಿ ಕೇಳಿ ಗೊತ್ತಿದ್ದ, ಅಳುವಿನಲ್ಲಿ ಅದ್ದಿ ತೆಗೆದಂಥ ದನಿ. "ಮಕ್ಕಳೇ, ಊಟಕ್ಕೆ ಬನ್ನಿ" ಎಂದಿತು. ನನ್ನ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. ಎಲ್ಲವನ್ನೂ ಕಿತ್ತು ಆ ಕಡೆಯ ಕನ್ನಡ ಹಾಕಿದ್ದರು. ಗೋಡೆಯ ದೃಶ್ಯ ಬಂತು. ಅಕ್ಕ ಗೋಡೆ ನೋಡಿದಳು, ಮಕ್ಕಳನ್ನು ನೋಡಿದಳು, ಆ ಹೆಂಗಸು ಬಿಕ್ಕಿದಳು: "ನೀವಿಬ್ಬರೂ ನನ್ನ ಒಂದೇ ಗರ್ಭದಲ್ಲಿ ಅರಳಿದ ಹೂವುಗಳಲ್ಲವೇ ಮಕ್ಕಳೇ? ಈ ಗೋಡೆ ನಿಮ್ಮ ಹೃದಯಗಳ ನಡುವೆ ಏಕೆ?" ಅಕ್ಕನ ಬಾಯಿ ಆಗಲೇ ಮುಚ್ಚಿತ್ತು, ಮಾತು ಇನ್ನೂ ನಡೆದೇ ಇತ್ತು. ಹಾಗಾಗಿ ಅಲ್ಲಿ ಅವಳ ಮುಖ ತೆಗೆದು ಆಕಾಶ ತೋರಿಸಿದ್ದರು, ಹಿಂದೆ ಪಿಟೀಲು.

ನಮ್ಮ ಕಡೆಯ ಮಾತು ಪೂರಾ ಹೋಗಿತ್ತೆಂದಲ್ಲ. ಶೂಟಿಂಗಿನಲ್ಲಿ ಇರದಿದ್ದ ಒಬ್ಬ ಆಳಿನ ಪಾತ್ರವನ್ನು ಆಮೇಲೆ ಸೇರಿಸಿದ್ದರು. ಬೆಂಗಳೂರಿನ ಹಾಸ್ಯನಟನೊಬ್ಬ ಚಡ್ಡಿ ಹಾಕಿಕೊಂಡು, ಎಡವಿ ಬಿದ್ದು, ಸಗಣಿಯಲ್ಲಿ ಜಾರಿ, "ಯಾಕ್ರಿ ಯವ್ವಾ, ಹ್ಯಾಂಗ್ರಿ ಯವ್ವಾ" ಎನ್ನುತ್ತಿದ್ದ. ಇಡೀ ಸಿನಿಮಾದಲ್ಲಿ ನಮ್ಮ ಮಾತು ಆಡುವವನು ಅವನೊಬ್ಬನೇ. ಅವನು ಬಾಯಿ ತೆರೆದಾಗಲೆಲ್ಲ ಮಂಠಾಳದ ಮಂದಿಯೂ ಬಿದ್ದು ಬಿದ್ದು ನಕ್ಕರು. ತಮ್ಮ ಮಾತಿಗೆ ತಾವೇ ನಗುತ್ತಿದ್ದೇವೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಪಕ್ಕದ ಮನೆಯ ಮುದುಕಿ ಅಕ್ಕನ ತೊಡೆ ತಟ್ಟಿ ಕೇಳಿದಳು, "ಜಗದೇವಿ, ಬಾಯಿ ನಿಂದೇ ಅದ. ಆವಾಜ್ ಯಾರ್ದವಾ?"

ಅಕ್ಕ, ಮಂದಿಗೆ ಚಹಾ ಆಗಬೇಕಲ್ಲ ಎಂದು ಎದ್ದು ಒಳಗೆ ಹೋದಳು. ಸಿನಿಮಾ ಮುಗಿಯುವವರೆಗೂ ಒಲೆಯ ಮುಂದೆಯೇ ಇದ್ದಳು. ನಾನು ಒಳಗೆ ಹೋದರೆ, "ಸಕ್ರಿ ಡಬ್ಬಿ ಕೊಡು" ಎಂದಳು, ಅಷ್ಟೇ.

ಅದಾದ ಮೇಲೆ ನಡೆದದ್ದು ದೊಡ್ಡದೇನಲ್ಲ. ಊರಿನ ಮಂದಿ ಕೆಟ್ಟವರಲ್ಲ, ತಮಾಷೆ ಮಾಡಿದರು. ಮುಂದಿನ ತಿಂಗಳು ಒಂದು ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮ. ಅಕ್ಕ ಹಾಡಲು ಕುಳಿತಾಗ ಯಾರೋ, "ತಡೀರಿ, ಈಕಿ ಆವಾಜ್ ಬೆಂಗಳೂರಿಂದ ಬರಬೇಕು" ಎಂದರಂತೆ. ಎಲ್ಲರೂ ನಕ್ಕರಂತೆ, ಅಕ್ಕನೂ ನಕ್ಕಳಂತೆ. ಅವತ್ತು ಹಾಡಿದಳು. ಅದರ ನಂತರ ಯಾರು ಕರೆಯಲು ಬಂದರೂ ಗಂಟಲು ಬ್ಯಾನಿ ಎನ್ನತೊಡಗಿದಳು. ಮೊದಮೊದಲು ಒತ್ತಾಯ ಮಾಡಿದರು. ಆಮೇಲೆ ಮೊಬೈಲಿನಲ್ಲೇ ತೊಟ್ಟಿಲ ಪದ ಹಚ್ಚುವುದು ರೂಢಿಯಾಯಿತು. ಅವಳನ್ನು ಕರೆಯುವುದೇ ನಿಂತಿತು.

ಹುಮನಾಬಾದಿನವರು ಮಾಣಿಕರಾವ್ ಅವರಿಗೆ ಸನ್ಮಾನ ಇಟ್ಟುಕೊಂಡರು. ನೆಲದ ಭಾಷೆಯನ್ನು ನಾಡಿಗೆ ಮುಟ್ಟಿಸಿದ ಮಣ್ಣಿನ ಮಗ ಎಂದು ಫ್ಲೆಕ್ಸಿನಲ್ಲಿ ಬರೆಸಿದ್ದರು. ಅದನ್ನು ಬರೆಸಿದವರು ಸಿನಿಮಾ ನೋಡಿರಲಿಕ್ಕಿಲ್ಲ, ಅಥವಾ ಆ ಆಳಿನ ಮಾತನ್ನೇ ಕೇಳಿ ಖುಷಿಪಟ್ಟಿರಬೇಕು. ಆ ದಿನ ಮುಂಜಾನೆ ನಾನು ಅದೇ ಲಾಜಿಗೆ ಹೋದೆ. ಮಾಣಿಕರಾವ್ ಉಪ್ಪಿಟ್ಟು ತಿನ್ನುತ್ತಿದ್ದರು. ನನ್ನನ್ನು ನೋಡಿ ತಟ್ಟೆ ಸರಿಸಿದರು.

"ಬರ್ರಿ ಟೀಚರ್. ಬೈಲಿಕ್ಕಿ ಬಂದೀರಿ, ಗೊತ್ತದ."

"ಬೈಯೂದಿಲ್ರಿ. ಯಾಕ ಹಿಂಗ ಮಾಡಿದ್ರಿ ಅಂತ ಹೇಳ್ರಿ ಸಾಕು."

"ಚಾನೆಲ್ಲಿನವರು ನೋಡಿದ್ರು. ಚೊಲೊ ಅದ, ಆದ್ರ ಒಂದ್ ಮಾತೂ ತಿಳಿಯಂಗಿಲ್ಲ ಅಂದ್ರು. ಡಬ್ ಮಾಡ್ಸಿದ್ರ ತೊಗೋತೀವಿ, ಕಾಮಿಡಿ ಟ್ರ್ಯಾಕ್ ಒಂದ್ ಹಾಕ್ರಿ ಅಂದ್ರು. ನಾ ಏನ್ ಮಾಡ್ಲಿ? ಇಲ್ಲಂದಿದ್ರ ಡಬ್ಯಾಗ ಕುಂತಿರ್ತಿತ್ತು."

"ಕುಂತಿರ್ಲಿ ಬಿಡ್ಬೇಕಿತ್ತು."

ಅವರು ನನ್ನನ್ನೇ ನೋಡಿದರು. ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾ ಬೆಂಗಳೂರಿಗಿ ಹೋದ ಹೊಸದಾಗ," ಎಂದರು, "ಒಂದ್ ಮೀಟಿಂಗಿನ್ಯಾಗ ಬಾಯಿ ತೆಗದೆ. ಎಲ್ಲಾರೂ ನಕ್ರು. ಆಮ್ಯಾಲ ಚಹಾ ಕುಡಿಯೂ ಹೊತ್ತಿನ್ಯಾಗ ನನ್ನ ಕರದು, ಏ ಮಾಣಿಕ್, ಇನ್ನೊಮ್ಮೆ ಅನ್ನು, ಇನ್ನೊಮ್ಮೆ ಅನ್ನು, ಅಂತಿದ್ರು. ನಾ ಅಂತಿದ್ದೆ. ಅನ್ನಲಿಲ್ಲಂದ್ರ ಕೆಲ್ಸ ಹೋಗ್ತದ. ಜಳಕದ ಖೋಲಿನ್ಯಾಗ ನಲ್ಲಿ ಬಿಟ್ಕೊಂಡು ಅವರಂಗ ಮಾತಾಡಾದು ಕಲ್ತೆ. ಆ ಮಾತಿನ್ಯಾಗೇ ಇಷ್ಟ್ ವರ್ಷ ಉಂಡೀನಿ. ನನಗೇನೂ ಆಗಿಲ್ಲಲ್ಲ?"

"ನಿಮಗ ಆಗೂದು ಆಗೇ ಅದರಿ," ಎಂದೆ. "ನಿಮ್ಮನ್ನ ಹಂಗ ಕುಣಿಸಿದ್ರು. ನೀವು ಅದನ್ನೇ ನಮ್ಮಕ್ಕಗ ಮಾಡೀರಿ. ಆಕಿ ನಿಮ್ಮ ಹಂತ್ಯಾಕ ನೌಕರಿ ಕೇಳಿಕೊಂಡ್ ಬಂದಿದ್ದಿಲ್ಲ. ನೀವೇ ಆಕಿ ಮನಿಗಿ ಹೋಗಿದ್ರಿ."

ಕೆಳಗೆ ಲಾರಿಗಳು ಹೋಗುತ್ತಿದ್ದವು. ಮಾಣಿಕರಾವ್ ಉಪ್ಪಿಟ್ಟಿನಲ್ಲಿ ಚಮಚೆ ಆಡಿಸಿದರು. "ಇವತ್ತ ಜಗದೇವಿಬಾಯಿಗೂ ಸನ್ಮಾನ ಮಾಡಸ್ತೀನಿ. ರೇವಣಪ್ಪನವರಿಗಿ ಹೇಳೀನಿ," ಎಂದರು.

ಅಕ್ಕ ಬರುವುದಿಲ್ಲ ಎಂದುಕೊಂಡಿದ್ದೆ, ಬಂದಳು. ರೇವಣಪ್ಪ ಹಟ ಹಿಡಿದು ಕರೆತಂದಿದ್ದ. ಹೆಂಡತಿಯ ಕೊರಳಿಗೆ ಒಂದು ಹಾರ ಬಿದ್ದರೆ ಊರವರ ಬಾಯಿ ಮುಚ್ಚೀತೆಂದು ಅವನ ಆಸೆ. ಮಾಣಿಕರಾವ್ ಹುಮನಾಬಾದಿನ ನೆಲದಲ್ಲಿ ನಿಂತು, ಹುಮನಾಬಾದಿನವರ ಮುಂದೆ, "ನನ್ನ ತಾಯ್ನುಡಿ ನನಗೆ ಉಸಿರು ಕಣ್ರೀ" ಎಂದು ಬೆಂಗಳೂರಿನ ಕನ್ನಡದಲ್ಲಿ ಭಾಷಣ ಮಾಡಿದರು. ಆಮೇಲೆ ಅಕ್ಕನನ್ನು ವೇದಿಕೆಗೆ ಕರೆದು ಹಾರ ಹಾಕಿ ಸ್ಮರಣಿಕೆ ಕೊಟ್ಟರು. ಎರಡು ಮಾತು ಹೇಳಿ ಎಂದು ನಿರೂಪಕ ಮೈಕು ಅವಳ ಬಾಯಿಗೆ ಹಿಡಿದ. ಅಕ್ಕ ಮೈಕು ನೋಡಿದಳು.

"ನಾ ಏನ್ ಹೇಳ್ಲಿರಿ? ನೀವು ಕೇಳಿದ್ದು ನನ್ನ ಮಾತಲ್ರಿ."

ಮಂದಿ ಚಪ್ಪಾಳೆ ತಟ್ಟಿದರು. ಎಷ್ಟು ವಿನಯ ನೋಡ್ರಿ ಈ ತಾಯಿದು, ಎಂದ ನಿರೂಪಕ. ಹಿಂದಿನ ಸಾಲಿನಿಂದ ಯಾರೋ, "ಯಾಕ್ರಿ ಯವ್ವಾ" ಎಂದು ಆ ಆಳಿನಂತೆ ಕೂಗಿದರು. ಸಭೆ ಮತ್ತೆ ನಕ್ಕಿತು. ಮಾಣಿಕರಾವ್ ವೇದಿಕೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ಸುಮ್ಮನಿರ್ರಿ ಎಂದು ಒಂದು ಮಾತು ಹೇಳಲು ಅವರ ಮುಂದೆ ಇನ್ನೊಂದು ಮೈಕು ಇತ್ತು. ಅವರು ಅದನ್ನು ಮುಟ್ಟಲಿಲ್ಲ.

ಅವತ್ತಿನಿಂದ ನಾನು ಅವರೊಂದಿಗೆ ಮಾತು ಬಿಟ್ಟೆ. ಪತ್ರಿಕೆಗೆ ಹರಟೆ ಬರೆಯುವುದನ್ನೂ ಬಿಟ್ಟೆ. ಕುಳಿತರೆ ಪ್ರತಿ ಸಾಲಿನ ಹಿಂದೆಯೂ ಆ ನಗು ಕೇಳಿಸುತ್ತಿತ್ತು. ಮಾಣಿಕರಾವ್ ಮತ್ತೆ ಅತ್ತೆಸೊಸೆಯರ ಕಥೆಗಳಿಗೆ ಮರಳಿದರು. ಅವರಿಗೆ ಪಾರ್ಶ್ವವಾಯು ಬಡಿದ ಸುದ್ದಿ ಬಂದಾಗ ನೋಡಲು ಹೋಗಲಿಲ್ಲ. ತೀರಿಕೊಂಡ ಸುದ್ದಿ ಬಂದ ದಿನವೂ ನನಗೆ ಅಳು ಬರಲಿಲ್ಲ. ನುಡಿನಮನಕ್ಕೆ ಕರೆದಾಗ, ಬರ್ತೀನ್ರಿ, ಮಾತಾಡ್ತೀನಿ, ಎಂದೆ. ಅಕ್ಕನಿಗೂ ಹೇಳಿದೆ. "ನೀ ಹೋಗು," ಎಂದಳು. "ನನಗ ತೊಗರಿ ಆರ್ಸೂದದ."

ಕಲ್ಯಾಣಮಂಟಪದಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿದರು. ವೇದಿಕೆಯ ಮೇಲೆ ಮಾಣಿಕರಾವ್ ಅವರ ದೊಡ್ಡ ಫೋಟೋ, ಮುಂದೆ ದೀಪ. ಒಬ್ಬೊಬ್ಬರೇ ಎದ್ದು ನಾನು ಅಂದುಕೊಂಡದ್ದನ್ನೇ ಹೇಳಿದರು. ನನ್ನ ಮಗ್ಗುಲಿನ ಕುರ್ಚಿಯಲ್ಲಿ ಅವರ ಹೆಂಡತಿ ಸುಮಿತ್ರಾ ಕುಳಿತಿದ್ದರು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಹುಮನಾಬಾದಿಗೆ ಅವರು ಬಂದದ್ದು ಮದುವೆಯಾದ ಹೊಸತರಲ್ಲಿ ಒಮ್ಮೆ, ಈಗ ಒಮ್ಮೆ. ನನ್ನ ಹೆಸರು ಕೇಳಿ ತಿಳಿದುಕೊಂಡು, ಮೆಲ್ಲಗೆ ಕೇಳಿದರು:

"ಸಿನಿಮಾಗೆ ಇಲ್ಲಿ ಮಾತು ಬರ್ಕೊಟ್ಟೋರು ನೀವೇ ಅಲ್ವಾ? ನಿಮ್ಮನ್ನ ಒಂದು ಕೇಳ್ಬೇಕಿತ್ತು."

"ಕೇಳ್ರಿ."

"ಸ್ಟ್ರೋಕ್ ಆದ್ಮೇಲೆ ಇವರ ಮಾತೇ ಬೇರೆ ಆಗೋಯ್ತು. ನಲವತ್ತು ವರ್ಷ ನಮ್ಜೊತೆ ಆಡಿದ ಮಾತು ಪೂರ್ತಿ ಮರ್ತುಬಿಟ್ರು. ಈ ಕಡೆಯದನ್ನೇ ಏನೇನೋ ಹೇಳೋರು, ಅದೂ ತೊದಲು ತೊದಲು. ನನಗಾಗ್ಲಿ ಮಗಳಿಗಾಗ್ಲಿ ಒಂದೂ ಅರ್ಥ ಆಗ್ತಿರ್ಲಿಲ್ಲ. ನೋಡ್ಕೊಳ್ಳೋ ಹುಡುಗಿಗಂತೂ ಕನ್ನಡನೇ ಸರಿಯಾಗಿ ಬರೋಲ್ಲ. ಕೊನೇ ದಿನಗಳಲ್ಲಿ ಒಂದೇ ಮಾತು. ಕೌದಿ, ಕೌದಿ ಅನ್ನೋರು. ಆಮೇಲೆ ಹುಚ್ಚು ಅಂದ ಹಾಗೆ ಕೇಳಿಸೋದು. ಯಾರನ್ನೋ ಬೈತಿದಾರೆ ಅಂದ್ಕೊಂಡ್ವಿ. ಮೈಯೆಲ್ಲಾ ನಡುಗೋದು. ಕೋಪ ಬಂದಿದೆ, ಬಿಪಿ ಏರ್ತಿದೆ ಅಂತ ಆ ಹುಡುಗಿ ಫ್ಯಾನ್ ಜೋರು ಮಾಡೋಳು. ಕೌದಿ ಅಂದ್ರೆ ಯಾರಾದ್ರೂ ಮನುಷ್ಯರ ಹೆಸರಾ? ಇಲ್ಲಿ ಯಾರಾದ್ರೂ ಇದ್ದಾರಾ ಆ ಹೆಸರಿನೋರು? ಇದ್ರೆ ನೋಡ್ಕೊಂಡು ಹೋಗೋಣ ಅಂತ."

ಹುಚ್ಚು ಅಲ್ಲ, ಹೊಚ್ಚು. ಕೌದಿ ಹೊಚ್ಚು. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ನಮ್ಮ ಹೆಂಗಸರು ಹೊಲಿಯುವ ಹೊದಿಕೆ. ನಮ್ಮ ಕಡೆ ಕೂಸಿಗೂ ಗೊತ್ತಿರುವ ಮಾತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಸುಳ್ಳು ಹೇಳಬಹುದಿತ್ತು. ಒಂದು ಊರಿನ ಹೆಸರು ಎಂದಿದ್ದರೂ ನಡೆಯುತ್ತಿತ್ತು. ಆದರೆ ಆ ಮಾತನ್ನು ಇನ್ನೊಮ್ಮೆ ಬೇರೆ ಮಾಡಿ ಹೇಳಲು ನನ್ನಿಂದ ಆಗಲಿಲ್ಲ.

"ಹೆಸರಲ್ರಿ," ಎಂದೆ. "ಕೌದಿ ಅಂದ್ರ ಹೊದಿಕೆ. ಹೊದಿಸು ಅಂತ ಕೇಳ್ಯಾರ. ಥಂಡಿ ಆಗಿರಬೇಕು."

ಆಕೆ ಫೋಟೋದ ಕಡೆಗೂ ನೋಡಲಿಲ್ಲ. ತೊಡೆಯ ಮೇಲಿನ ಪರ್ಸಿನ ಜಿಪ್ಪು ಎಳೆದರು, ಮುಚ್ಚಿದರು, ಮತ್ತೆ ಎಳೆದರು. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು.

ಮೇಲೆ ಹೋಗಿ ನಿಂತೆ. ಹೇಳಬೇಕೆಂದಿದ್ದದ್ದು ಎಲ್ಲವೂ ನೆನಪಿನಲ್ಲೇ ಇತ್ತು. ಸಿಟ್ಟೂ ಇತ್ತು, ಒಂದಿಷ್ಟೂ ಕಮ್ಮಿಯಾಗಿರಲಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಆ ಹೆಂಗಸು ಕುಳಿತಿದ್ದರು. ಮಾಣಿಕರಾವ್ ಹುಮನಾಬಾದಿನವರು, ನನ್ನಿಂದ ಒಂದು ಬೇಸಿಗೆ ಮಾತು ಬರೆಸಿದರು, ನಮ್ಮ ಕಡೆಯ ಮಾತು ಕೇಳಿ ಒಮ್ಮೆ ಅತ್ತಿದ್ದರು ಎಂದಷ್ಟೇ ಹೇಳಿ ಇಳಿದೆ. ಬಹಳ ಚುಟುಕಾಯಿತೆಂದು ಸಂಘಟಕರಿಗೆ ಬೇಸರವಾಗಿರಬೇಕು.

ಬಸ್ ಸ್ಟ್ಯಾಂಡಿನಿಂದ ಅಕ್ಕನಿಗೆ ಫೋನು ಮಾಡಿದೆ.

"ಅಂದೇನು ಎಲ್ಲಾ?" ಎಂದು ಕೇಳಿದಳು.

"ಇಲ್ಲಕ್ಕಾ," ಎಂದು ಸುಮಿತ್ರಾ ಅವರು ಕೇಳಿದ್ದನ್ನು ಹೇಳಿದೆ. ಕೌದಿ, ಫ್ಯಾನು, ಎಲ್ಲ.

"ಮನ್ಯಾಗರೆ ನಮ್ಮ ಮಾತು ಆಡಬೇಕಿತ್ತಲ್ಲ," ಎಂದಳು ಅಕ್ಕ. "ಹೇಣ್ತಿ ಕೂಡ, ಮಕ್ಕಳ ಕೂಡ. ಮನ್ಯಾಗ ಯಾರ್ ನಗತಿದ್ರು?"

ಅಷ್ಟಂದು, ಕುಕ್ಕರ್ ಸೀಟಿ ಹೊಡೀತು ಎಂದು ಫೋನಿಟ್ಟಳು.